ತಾಕ್ ಅಣ್ಣನ ಕೀಲಿ ಅಂಗಡಿಯೂ ನನ್ನ ಇಪ್ಪತ್ತನಾಲ್ಕು ಪದಗಳೂ

ಕೊರಿಯಾದ ಗುನ್ಸಾನ್ ಊರಿನ ಹಳೇ ಮಾರುಕಟ್ಟೆಯಲ್ಲಿ ನಾನು ಕಿಮ್ಚಿ ಅನ್ನುವ ಎಲೆಕೋಸಿನ ಉಪ್ಪಿನಕಾಯಿ, ಉಪ್ಪುಮೀನು ಮಾರುತ್ತೇನೆ. ನನ್ನ ಅಂಗಡಿಯ ಎದುರಿಗೇ ತಾಕ್ ಗ್ಯೂಹೊ ಅಣ್ಣನ ಅಂಗಡಿ. ಕೀಲಿ ಮಾಡಿಕೊಡುವುದು, ಹೆಸರಿನ ಮುದ್ರೆ ಕೆತ್ತುವುದು ಅವರ ಕಸುಬು. ಹರೆಯದಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ದುಡಿದು ಎಡಗಿವಿ ಮಂದವಾಗಿದೆ. ಬಲಗಡೆ ನಿಂತು ಮಾತಾಡದಿದ್ದರೆ, ಇಡೀ ಬೀದಿಗೆ ಕೇಳುವ ಹಾಗೆ "ಹಾಂ? ಏನಂದೆ?" ಅನ್ನುತ್ತಾರೆ. ಅವರಿಂದ ನನಗಾದ ಉಪಕಾರ ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನಾನು ಆರೇಳು ವರ್ಷದಿಂದ ಚೂರುಪಾರು ಬಿಟ್‌ಕಾಯಿನ್ ಕೊಳ್ಳುತ್ತಾ ಬಂದಿದ್ದೆ. ಎಲ್ಲವೂ ಅದನ್ನು ಮಾರುವ ಸಂಸ್ಥೆಯ ಆ್ಯಪಿನಲ್ಲೇ ಇತ್ತು. ನನ್ನ ನಾದಿನಿಯೂ ಬೇರೊಂದು ಸಣ್ಣ ಸಂಸ್ಥೆಯಲ್ಲಿ ಇಟ್ಟಿದ್ದಳು. ಅದು ಒಂದು ದಿನ 'ದುರಸ್ತಿಯಲ್ಲಿದೆ' ಅಂತ ಹಾಕಿಕೊಂಡಿತು, ಆಮೇಲೆ ತೆರೆಯಲೇ ಇಲ್ಲ. ಅವಳ ಅವಸ್ಥೆ ನೋಡಿ ನನಗೂ ಹೆದರಿಕೆಯಾಯಿತು.

ಹಾರ್ಡ್‌ವೇರ್ ವಾಲೆಟ್ ಇಟ್ಟುಕೋ ಅಂತ ಯಾರೋ ಹೇಳಿದರು. ಬೆರಳುದ್ದದ ಯಂತ್ರ ಅದು. ನಮ್ಮ ಬಿಟ್‌ಕಾಯಿನ್ನಿನ ಗುಟ್ಟಿನ ಕೀಲಿಯನ್ನು ಇಂಟರ್ನೆಟ್ಟಿಗೆ ಸಿಗದ ಹಾಗೆ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ನಾನು ಅಗ್ಗಕ್ಕೆ ಸಿಗುತ್ತದೆ ಅಂತ, ಕೈಬದಲಾದ ಸಾಮಾನು ಮಾರುವ ಜಾಲತಾಣದಲ್ಲಿ ಒಂದು ಕೊಂಡೆ. ಡಬ್ಬಿಯೊಳಗೆ ಚೆಂದದ ಕಾರ್ಡು, ಅದರ ಮೇಲೆ ಇಪ್ಪತ್ತನಾಲ್ಕು ಇಂಗ್ಲಿಷ್ ಪದ ಅಚ್ಚಾಗಿದ್ದವು. ಯಂತ್ರ ಕಳೆದರೂ ಕೆಟ್ಟರೂ ಆ ಪದಗಳಿದ್ದರೆ ಎಲ್ಲ ವಾಪಸ್ ಬರುತ್ತದಂತೆ. ಹಾಗಾದರೆ ಅವನ್ನು ಉಕ್ಕಿನ ತಗಡಿನ ಮೇಲೆ ಕೆತ್ತಿಸಿಬಿಡೋಣ ಅಂತ ಎದುರಂಗಡಿಗೆ ಹೋದೆ.

ಕಾರ್ಡು ನೋಡಿದ್ದೇ ತಾಕ್ ಅಣ್ಣ ಕಣ್ಣು ಮುಚ್ಚಿಕೊಂಡರು.

"ಮಿಜಾ, ಮೊದ್ಲು ಅದನ್ನ ಮಗುಚಿಡು. ಇದರಲ್ಲಿ ಏನಾದ್ರೂ ಹಾಕಿದ್ಯಾ?"

"ಇನ್ನೂ ಇಲ್ಲಣ್ಣ. ಇವತ್ತು ಸಂಜೆ ಹಾಕೋಣ ಅಂತ..."

"ಸದ್ಯ, ಬದುಕ್ದೆ! ಈ ಪದಗಳನ್ನ ಅಚ್ಚು ಹಾಕಿದೋನು ಒಬ್ಬ ಇದಾನಲ್ಲ, ಅವನ ಹತ್ರಾನೂ ಇವು ಇರ್ತವೆ. ನೀನು ಹಾಕೋದನ್ನೇ ಕಾಯ್ತಿರ್ತಾನೆ. ಬೀಗ ಮಾರಿ, ಅದರ ಇನ್ನೊಂದು ಕೀಲಿ ಜೇಬಲ್ಲಿ ಇಟ್ಕೊಂಡ ಹಾಗೆ."

ಕಾರ್ಡು ಮಗುಚಿಟ್ಟೆ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. "ನಿಮಗೆ ಇಷ್ಟೆಲ್ಲ ಹೇಗಣ್ಣ ಗೊತ್ತು?" ಅಂದೆ.

ಅವರು ಕೀಲಿ ಉಜ್ಜುವ ಅರವನ್ನು ಬಟ್ಟೆಯಿಂದ ಒರೆಸುತ್ತಾ, "ಪೆಟ್ಟು ತಿಂದು ಕಲಿತೆ," ಅಂದರು. ಮೂರು ವರ್ಷದ ಹಿಂದೆ ಅವರೂ ಇಂಥದ್ದೇ ಯಂತ್ರ ತಂದಿದ್ದರು. ಪದಗಳನ್ನು ಕಾಗದದ ಮೇಲೆ ಬರೆದು, ಮರೆತೀತು ಅಂತ ಫೋನಿನಲ್ಲಿ ಒಂದು ಫೋಟೊ ತೆಗೆದರು. ಅವರ ಫೋಟೊಗಳನ್ನೆಲ್ಲ ಇಟ್ಟಿದ್ದ ಖಾತೆಗೆ ಯಾರೋ ನುಗ್ಗಿ, ಕೂಡಿಟ್ಟದ್ದನ್ನೆಲ್ಲ ಬಳಿದುಕೊಂಡು ಹೋದರು. "ಮೂವತ್ತು ವರ್ಷ ಊರವರ ಬಾಗಿಲಿಗೆಲ್ಲ ಕೀಲಿ ಮಾಡ್ಕೊಟ್ಟೆ. ನನ್ನ ಕೀಲೀನ ನಾನೇ ಬೀದಿಗಿಟ್ಟೆ. ಯಾರ ಹತ್ರ ಹೇಳ್ಕೊಳ್ಲಿ?"

ಆಮೇಲೆ ಪಟ್ಟು ಹಿಡಿದು ಕೂತು ಎಲ್ಲ ಓದಿ ತಿಳಿದುಕೊಂಡಿದ್ದರು. ಆದರೆ ಕೇಳಿಕೊಂಡು ಬಂದವಳು ನಾನೇ ಮೊದಲು.

ಅವರು ಹೇಳಿದಂತೆ ಹೊಸ ಯಂತ್ರವನ್ನು ತಯಾರಿಸಿದ ಸಂಸ್ಥೆಯಿಂದಲೇ ನೇರವಾಗಿ ತರಿಸಿದೆ. ಅವರ ಅಂಗಡಿಯಲ್ಲೇ ಡಬ್ಬಿ ತೆರೆದೆ. ಈ ಸಲ ಅದರಲ್ಲಿದ್ದ ಕಾರ್ಡು ಖಾಲಿ. ಯಂತ್ರಕ್ಕೆ ಒಂದು ಗುಟ್ಟಿನ ಸಂಖ್ಯೆ ಕೊಟ್ಟ ಮೇಲೆ ಅದರ ಪುಟ್ಟ ಪರದೆಯ ಮೇಲೆ ಪದಗಳು ಒಂದೊಂದಾಗಿ ಬರತೊಡಗಿದವು. ತಾಕ್ ಅಣ್ಣ ತಟ್ಟನೆ ಎದ್ದರು. ಉಕ್ಕಿನ ತಗಡು, ಸುತ್ತಿಗೆ, ಅಕ್ಷರ ಒತ್ತುವ ಅಚ್ಚುಮೊಳೆಗಳನ್ನು ಮೇಜಿನ ಮೇಲಿಟ್ಟು ಹೊರಟೇಬಿಟ್ಟರು.

"ಎಲ್ಲಿಗಣ್ಣ? ನಾನು ಸುತ್ತಿಗೆ ಹಿಡಿದೋಳಲ್ಲ. ನೀವೇ ಒತ್ತಿಕೊಡಿ. ನಿಮ್ಮನ್ನ ನಂಬದೆ ಇನ್ಯಾರನ್ನ ನಂಬ್ಲಿ?"

"ನಂಬ್ತೀಯ ಅಂತಾನೇ ಹೋಗ್ತಿದೀನಿ. ಮೊದ್ಲು ಕಾಗದದ ಮೇಲೆ ಬರ್ಕೊ, ಆಮೇಲೆ ತಗಡಿಗೆ ಒತ್ತು. ಪ್ರತಿ ಪದದ ಮೊದಲ ನಾಲ್ಕಕ್ಷರ ಸಾಕು, ಅಷ್ಟರಲ್ಲೇ ಯಾವ ಪದ ಅಂತ ಗೊತ್ತಾಗತ್ತೆ. ಎಷ್ಟನೇ ಪದ ಅನ್ನೋ ಅಂಕಿ ಮಾತ್ರ ತಪ್ಪಿಸ್ಬೇಡ. ಫೋನು ಇಲ್ಲಿ ಕೊಡು."

ನನ್ನ ಫೋನು ಕಿತ್ತುಕೊಂಡು, ಶಟರ್ ಅರ್ಧ ಎಳೆದು, ಹೊರಗೆ ಕೂತರು. ಫೆಬ್ರವರಿಯ ಕಡಲಗಾಳಿ. ಎರಡು ಗಂಟೆ ಒಳಗೆ ನಾನು ಕುಟ್ಟುತ್ತಾ ಇದ್ದೆ. ಅವರ ಗಿರಾಕಿಗಳು ಬಂದು "ಏನು ಯಜಮಾನ್ರೇ, ಹೆಂಡ್ತಿ ಹೊರಗೆ ಹಾಕಿದ್ಳಾ?" ಅಂತ ಗೇಲಿ ಮಾಡುವುದು ಕೇಳಿಸುತ್ತಿತ್ತು. "ಹೂಂ, ಇವತ್ತು ನಂದು ಕಾವಲುಗಾರನ ಕೆಲಸ," ಅನ್ನುತ್ತಿದ್ದರು. ನಾನು ಬಾಗಿಲು ತೆಗೆದಾಗ ಅವರ ಮೂಗು ಕೆಂಪಾಗಿತ್ತು. ನನಗೆ ಅಳುವೇ ಬಂತು.

ಆದರೆ ಮಾರನೇ ದಿನ ಅವರ ಮೇಲೆ ಸಿಟ್ಟೂ ಬಂತು. ಸ್ವಲ್ಪವೇ ಬಿಟ್‌ಕಾಯಿನ್ ಮೊದಲು ಕಳಿಸಿ ನೋಡು ಅಂದರು. ಕಳಿಸುವ ವಿಳಾಸ ಫೋನಿನಲ್ಲಿ ಕಾಣುವುದೂ ಯಂತ್ರದ ಪರದೆಯಲ್ಲಿ ಕಾಣುವುದೂ ಒಂದೇನಾ ಅಂತ ಅಕ್ಷರ ಅಕ್ಷರ ಹೋಲಿಸಿ ನೋಡಿಸಿದರು. ಅದು ಬಂದು ಸೇರಿತು ಅಂತ ನಾನು ಹಿಗ್ಗುತ್ತಿರುವಾಗಲೇ, "ಈಗ ಗುಟ್ಟಿನ ಸಂಖ್ಯೆ ಬೇಕಂತ್ಲೇ ಮೂರು ಸಲ ತಪ್ಪು ಒತ್ತು," ಅಂದರು.

"ಒತ್ತಿದ್ರೆ?"

"ಎಲ್ಲ ಅಳಿಸಿಹೋಗತ್ತೆ."

"ತಲೆ ಕೆಟ್ಟಿದ್ಯಾ ಅಣ್ಣ?"

"ಸ್ವಲ್ಪ ಇರುವಾಗ್ಲೇ ಹೆದರ್ಕೊಂಡುಬಿಡು. ಆಮೇಲೆ ಹೆದರೋದು ತಪ್ಪತ್ತೆ."

ಬೈಯುತ್ತಲೇ ಒತ್ತಿದೆ. ಯಂತ್ರ ಬರಿದಾಯಿತು. ಅವರು ಮತ್ತೆ ಹೊರಗೆ ಹೋಗಿ ಕೂತರು. ತಗಡು ನೋಡಿಕೊಂಡು ಪದಗಳನ್ನು ಯಂತ್ರದಲ್ಲೇ ಒಂದೊಂದಾಗಿ ಆರಿಸುತ್ತಾ ಹೋದೆ. ಹದಿನೇಳನೆಯದರಲ್ಲಿ ಒಂದಕ್ಷರ ತಪ್ಪು ಒತ್ತಿದ್ದು ಆಗ ಸಿಕ್ಕಿತು. ಕಾಗದ ನೋಡಿ ತಿದ್ದಿದೆ. ಅಳಿಸಿಹೋಗಿದ್ದದ್ದು ಪರದೆಯ ಮೇಲೆ ಹಾಗೇ ವಾಪಸ್ ಬಂದು ನಿಂತಿತು. ಆಮೇಲೆಯೇ ಉಳಿದದ್ದನ್ನೆಲ್ಲ ಅಲ್ಲಿಗೆ ಸಾಗಿಸಿದ್ದು. ತಗಡನ್ನು ಎಲ್ಲಿಟ್ಟೆ ಅಂತ ಅವರು ಇವತ್ತಿನವರೆಗೂ ಕೇಳಿಲ್ಲ.

ನವೆಂಬರ್ ಬಂತು. ಚಳಿಗಾಲದ ಕಿಮ್ಚಿ ಹಾಕುವ ಕಾಲ. ಬೆಳಿಗ್ಗೆ ಯಂತ್ರವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಿದ್ದು ಮರೆತು, ಎಲೆಕೋಸು ನೆನೆಹಾಕಿದ ತೊಟ್ಟಿಯ ಮೇಲೆ ಬಾಗಿದೆ. ಯಂತ್ರ ಉಪ್ಪುನೀರಿನೊಳಗೆ ಬಿತ್ತು. ಎಲೆಕೋಸುಗಳ ಮಧ್ಯೆ ತಡಕಿ ತೆಗೆಯುವಷ್ಟರಲ್ಲಿ ಅದರ ಕಥೆ ಮುಗಿದಿತ್ತು. ಪಕ್ಕದಲ್ಲಿದ್ದ ನಾದಿನಿ ಬಾಯಿ ಬಡಿದುಕೊಂಡಳು. ನನಗೆ ಮಾತ್ರ, ಹೇಳಿದರೆ ಯಾರೂ ನಂಬುವುದಿಲ್ಲ, ಎದೆ ಡವಡವ ಅನ್ನಲೇ ಇಲ್ಲ. ಹಿಂದೊಮ್ಮೆ ಮಾಡಿದ ಕೆಲಸವೇ ತಾನೆ. ಹೊಸ ಯಂತ್ರ ತರಿಸಿ, ಪದಗಳನ್ನು ಅದಕ್ಕೆ ಕೊಟ್ಟೆ. ಒಂದು ಚೂರೂ ಹೋಗಿರಲಿಲ್ಲ.

ಆ ವಾರವೇ ಹಂದಿಮಾಂಸ ಬೇಯಿಸಿ, ಹೊಸ ಕಿಮ್ಚಿಯ ಜೊತೆ ಎದುರಂಗಡಿಗೆ ತೆಗೆದುಕೊಂಡು ಹೋದೆ. ಹೇಳಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ತಾಕ್ ಅಣ್ಣ ಯಾರದೋ ಮನೆಯ ಬೀಗ ತೆಗೆಯಲು ಹೋಗಿದ್ದರು. ಅವರ ಹೆಂಡತಿ ಒಕ್‌ಬುನ್ ಅಕ್ಕ ತಟ್ಟೆ ತೆಗೆದುಕೊಂಡು ನನ್ನ ಕೈ ಹಿಡಿದರು.

"ನಾನೇ ನಿಂಗೆ ಹೇಳ್ಬೇಕು ಅಂತಿದ್ದೆ ಕಣೆ. ಎಲ್ಲ ಹೋದ ಮೇಲೆ ಈ ಮನುಷ್ಯ ಯಾರ ಮುಖಾನೂ ಸರಿಯಾಗಿ ನೋಡ್ತಿರ್ಲಿಲ್ಲ. ಊಟಕ್ಕೆ ಕೂತ್ರೂ ಅರ್ಧಕ್ಕೇ ಏಳೋರು. ನೀನು ಆ ಕಾರ್ಡು ಹಿಡ್ಕೊಂಡು ಬಂದ ದಿನ ಎರಡು ಬಟ್ಟಲು ಅನ್ನ ಉಂಡ್ರು. 'ಇವತ್ತು ಒಬ್ಬಳನ್ನ ಉಳಿಸ್ದೆ' ಅಂತ ಹತ್ತು ಸಲ ಹೇಳಿರ್ಬೇಕು."

ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟೆ. ಅಷ್ಟರಲ್ಲಿ ತಾಕ್ ಅಣ್ಣ ಬಂದರು. ಅವರ ಬಲಗಡೆ ಹೋಗಿ ನಿಂತು, "ದೊಡ್ಡ ಉಪಕಾರ ಆಯ್ತು ಅಣ್ಣ," ಅಂದೆ.

"ಮಾಂಸ ಆರಿ ಹೋಗತ್ತೆ, ಕೂತ್ಕೊ," ಅಂದರು. ಮೂವರೂ ಕೂತು ಉಂಡೆವು.