ಹೂಂ ಅನ್ನುವ ಅಣ್ಣ

ಆ ಸೋಮವಾರ ಅಣ್ಣನನ್ನು ರಾಯಚೂರಿನ ಆಸ್ಪತ್ರೆಯ ಮಾನಸಿಕ ವಾರ್ಡಿಗೆ ಸೇರಿಸಿದೆವು. ಅವನಿಗೆ ಮೂವತ್ತು ವರ್ಷ, ಬುದ್ಧಿ ಮಾತ್ರ ಹುಟ್ಟಿನಿಂದಲೂ ಸಣ್ಣ ಮಗುವಿನದು. ಒಂದು ವಾರದಿಂದ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ತಡೆಯಲು ಹೋದ ಅವ್ವನ ಕೈ ಕಚ್ಚಿದ್ದ.

“ಕಿವ್ಯಾಗ ಯಾರರ ಮಾತಾಡಿದಂಗ ಕೇಳಸ್ತದೇನಪಾ?” ಎಂದು ಡಾಕ್ಟರು ಕೇಳಿದರು.

“ಹೂಂ,” ಅಂದ ಅಣ್ಣ.

“ಹೊಡ್ಕೋ ಅಂತಾರೇನು?”

“ಹೂಂ.”

ಡಾಕ್ಟರು ಬರೆದುಕೊಂಡರು. ಯಾರು ಏನು ಕೇಳಿದರೂ ಅಣ್ಣ ಹಾಗೇ ಅನ್ನುವವನು. ನಮ್ಮೂರು ಜಾಲಹಳ್ಳಿಯಲ್ಲಿ ಅವ್ವನೇ ಅದನ್ನು ಕಲಿಸಿದ್ದಳು. ಹೂಂ ಅಂದರೆ ಓಣಿಯವರು ಅವನನ್ನು ಹೊಡೆಯುತ್ತಿರಲಿಲ್ಲ.

ಇಂಜೆಕ್ಷನ್ ಶುರುವಾಯಿತು. ಬುಧವಾರದ ಹೊತ್ತಿಗೆ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ರೊಟ್ಟಿ ಹಿಡಿಯಲು ಕೈ ಏಳುತ್ತಿರಲಿಲ್ಲ. ಜೊಲ್ಲು ಒರೆಸುವಾಗ ಬಾಯೊಳಗೆ ನೋಡಿದೆ. ಅವನು ಹೊಡೆದುಕೊಳ್ಳುತ್ತಿದ್ದ ಕಡೆಯ ದವಡೆ ಹಲ್ಲಿನ ಸುತ್ತ ಒಸಡು ಬಾತು ಕೀವು ತುಂಬಿತ್ತು.

ರೌಂಡ್ಸಿಗೆ ಬಂದ ಡಾಕ್ಟರಿಗೆ ಅದನ್ನು ತೋರಿಸಿದೆ. “ಮಂಚದ ಕೆಳಗ ಎಮ್ಮಿ ಅದ ಏನು ಅಂತ ಕೇಳ್ರಿ ಸರ್, ಅದಕ್ಕೂ ಹೂಂ ಅಂತಾನ,” ಅಂದೆ. ಅವರು ಕೇಳಿದರು, ಅಣ್ಣ ಹೂಂ ಅಂದ. ಡಾಕ್ಟರು ಹಲ್ಲಿನ ವಿಭಾಗಕ್ಕೆ ಚೀಟಿ ಬರೆದರು.

ಅಲ್ಲಿನವರು ಕೇಸ್ ಪೇಪರಿನಲ್ಲಿ ‘ಕಚ್ಚುತ್ತಾನೆ’ ಎಂದಿದ್ದನ್ನು ಓದಿ ಅವನನ್ನು ಕುರ್ಚಿಗೆ ಹತ್ತಿಸಲಿಲ್ಲ. “ಇನ್ನೆರಡು ದಿನ ವಾರ್ಡಿನ್ಯಾಗ ಪೂರಾ ತಣ್ಣಗ ಮಾಡಿಸ್ಕೊಂಡು ಬರ್ರಿ. ನಮ್ಮ ಬೆರಳು ಹೋದ್ರ ಕೊಡೋರು ಯಾರು?” ಅಂದರು.

ವಾರ್ಡಿಗೆ ವಾಪಸು ಬಂದೆವು. ಹಲ್ಲು ಕೀಳುವವರೆಗೆ ಅದೇ ಇಂಜೆಕ್ಷನ್ ಮುಂದುವರಿಯಬೇಕಾಯಿತು. ನರ್ಸ್ ಹೇಳಿದಂತೆ ನಾನೇ ಅವನ ತೋಳು ಹಿಡಿದುಕೊಂಡೆ.