ಗೆಂಚೊನ ಗೊಂಬೆಮಂಚಗಳು

ಗೆಂಚೊ ಶವಪೆಟ್ಟಿಗೆ ಮಾಡುವ ಬಡಗಿ. ಯಾಂತ್ರಾ ಹೊಳೆಯ ದಂಡೆಯ ಆ ಸಣ್ಣ ಊರಿನಲ್ಲಿ ಅವನಷ್ಟು ನಗುಮುಖದವನು ಇನ್ನೊಬ್ಬನಿರಲಿಲ್ಲ. ಆದರೆ ಜನ ಅಷ್ಟು ತಪ್ಪಿಸಿಕೊಂಡು ಓಡಾಡುತ್ತಿದ್ದುದೂ ಅವನೊಬ್ಬನಿಂದಲೇ. ಹೇಗಿದ್ದೀರಿ ಎಂದು ಅವನು ಕೇಳಿದರೆ ಸಾಕು, ಮೂರು ದಿನದಿಂದ ಕೆಮ್ಮುತ್ತಿದ್ದವರೂ ಗುಂಡುಕಲ್ಲಿನ ಹಾಗಿದ್ದೇನೆ ಎಂದು ಎದೆಯುಬ್ಬಿಸಿ, ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು.

ಒಂದು ಚಳಿಗಾಲ ಊರಿನಲ್ಲಿ ಯಾರೂ ಸಾಯಲೇ ಇಲ್ಲ. ಅದಕ್ಕೆ ಖುಷಿಪಡಬೇಕೋ ಬೇಡವೋ ಗೆಂಚೊಗೆ ತಿಳಿಯಲಿಲ್ಲ. ಕೈ ಸುಮ್ಮನಿರಲೊಲ್ಲದು. ಹಿಂದೆ ಪೆಟ್ಟಿಗೆಗಳಿಗೆ ಹಲಗೆ ಕೊಯ್ದಾಗ ಉಳಿದಿದ್ದ ಆಕ್ರೋಟು ಮರದ ತುಂಡುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅದರಲ್ಲಿ ಗೊಂಬೆ ಮಲಗುವಂಥ ಒಂದು ಮಂಚ ಮಾಡಿದ. ಮಂಚ ಒಂದೇ ಇದ್ದರೆ ಬಿಕೋ ಎನ್ನುತ್ತದೆಂದು ಬೀರು ಮಾಡಿದ. ಬೀರುವಿನ ಬಾಗಿಲು ಕಿರುಗುಟ್ಟಬೇಕೆಂದು ಎರಡು ದಿನ ಒದ್ದಾಡಿದ; ಕಿರುಗುಟ್ಟದ ಬೀರು ಬೀರುವೇ ಅಲ್ಲ ಎನ್ನುವುದು ಅವನ ಸಿದ್ಧಾಂತ. ಹಾಸಿಗೆಗೆ ಬಿಳಿ ಸ್ಯಾಟಿನ್ನಿನ ಚೂರು ಹೊಲಿದು, ಅಂಚಿಗೆ ನಿರಿಗೆ ಹಿಡಿದ. ಹೀಗೇ ಮೇಜು, ಕುರ್ಚಿ, ತೊಟ್ಟಿಲುಗಳೂ ಸಾಲುಗಟ್ಟಿದವು.

ಹೆಂಡತಿ ನೆಡಾ ಅವನ್ನೆಲ್ಲ ಭಾನುವಾರದ ಸಂತೆಗೆ ಒಯ್ದು, ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ ಇಟ್ಟಳು. ಉಪ್ಪಿನಕಾಯಿ ಹಾಗೇ ಉಳಿಯಿತು, ಬೀರು-ಮಂಚ ಖಾಲಿಯಾದವು. ವಸಂತ ಬರುವಷ್ಟರಲ್ಲಿ ಊರಿನ ಗೊಂಬೆಗಳು ಊರಿನ ಜನಕ್ಕಿಂತ ಚೆನ್ನಾಗಿ ಬಾಳುತ್ತಿದ್ದವು. ಮರ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ, ನೆಡಾ ಹೇಳಲೂ ಇಲ್ಲ.

ಎಲ್ಲರಿಗಿಂತ ಹೆಚ್ಚು ಕೊಂಡವಳು ವೆಲಿಕಾ ಅಜ್ಜಿ, ಮೊಮ್ಮಗಳು ಬಿಲ್ಯಾನಾಳಿಗಾಗಿ. ಈಸ್ಟರ್ ಕಳೆದ ಮೇಲೆ ಅಜ್ಜಿಯ ನಾದಿನಿ ತೀರಿಕೊಂಡಳು. ಅಜ್ಜಿ ಪೆಟ್ಟಿಗೆಯ ಹತ್ತಿರ ಬಂದು, ಬಗ್ಗಿ ಮುತ್ತಿಡಲು ಹೋದವಳು ಹಾಗೇ ನಿಂತುಬಿಟ್ಟಳು. ಅದೇ ಬಿಳಿ ಸ್ಯಾಟಿನ್, ಅದೇ ನಿರಿಗೆ, ಅದೇ ಆಕ್ರೋಟು. ಅಳು ನಿಂತಿತು. ಸತ್ತವಳನ್ನು ಬಿಟ್ಟು ಗೆಂಚೊನ ಕಡೆ ತಿರುಗಿದಳು.

"ಏನೋ ಗೆಂಚೊ, ನನ್ನ ಮೊಮ್ಮಗಳ ಗೊಂಬೇನ ಹೆಣದ ಪೆಟ್ಟಿಗೇಲಿ ಮಲಗಿಸಿದ್ದೀಯೇನೋ?"

"ಇಲ್ಲಜ್ಜಿ," ಎಂದ ಗೆಂಚೊ, ಸಮಾಧಾನ ಹೇಳುವವನಂತೆ. "ಪೆಟ್ಟಿಗೆ ಬೇರೆ, ಮಂಚ ಬೇರೆ. ಮರ ಒಂದೇ ಅಷ್ಟೆ. ಅಕ್ಕತಂಗಿ ಇದ್ದ ಹಾಗೆ."

ಈ ಮಾತನ್ನು ಅವನು ಹೇಳಬಾರದಿತ್ತು. ಮಣ್ಣು ಮುಗಿಸಿ ಬಂದ ಹೆಂಗಸರು ಮನೆಗೆ ಹೋಗಿ ಕೈಕಾಲು ತೊಳೆಯುವ ಮೊದಲೇ ಗೊಂಬೆಗಳನ್ನು ಮಂಚದಿಂದ ಎಬ್ಬಿಸಿದರು. ಸಂಜೆಗೆ ಗೆಂಚೊನ ಬಾಗಿಲಲ್ಲಿ ಮೇಜು, ಕುರ್ಚಿ, ತೊಟ್ಟಿಲುಗಳ ಗುಡ್ಡೆ. ಊರಿನ ಪುಟ್ಟ ಹೆಣ್ಣುಮಕ್ಕಳೆಲ್ಲ ಊಟ ಬಿಟ್ಟು ಕೂತವು. ಬಿಲ್ಯಾನಾ ಅಂತೂ, ತನ್ನ ಗೊಂಬೆ ನೆಲದ ಮೇಲೆ ಮಲಗುವುದಾದರೆ ತಾನೂ ಅಲ್ಲೇ ಮಲಗುವೆನೆಂದು ಅಡುಗೆಮನೆಯ ಮಧ್ಯೆ ಅಂಗಾತ ಬಿದ್ದಳು. ಅಜ್ಜಿ ಅವಳನ್ನು ದಾಟಿಕೊಂಡೇ ಬೀನ್ಸ್ ಸಾರು ಕುದಿಸಬೇಕಾಯಿತು.

ಕೊನೆಗೆ ಪಾದ್ರಿ ಮೆತೋದಿಯವರ ಹತ್ತಿರ ದೂರು ಹೋಯಿತು. ಅವರು ಗಡ್ಡ ನೀವಿಕೊಂಡು, ತೀರ್ಥ ಚಿಮುಕಿಸಿದರೆ ಎಲ್ಲ ದೋಷವೂ ಕಳೆಯುತ್ತದೆ ಎಂದರು. ಚರ್ಚಿನ ಅಂಗಳದಲ್ಲಿ ಗೊಂಬೆಗಳ ಇಡೀ ಸಂಸಾರವನ್ನೇ ಸಾಲಾಗಿ ಹೂಡಿದರು. ಮೆತೋದಿಯವರಿಗೆ ತೀರ್ಥ ಚಿಮುಕಿಸುವ ಕಾಮಕಸ್ತೂರಿಯ ಕಟ್ಟು ಕೈಗೆ ಬಂದರೆ ಉದಾರತನ ಉಕ್ಕುತ್ತದೆ. ಒಂದು ಸಲ ಅದ್ದಿ ಚಿಮುಕಿಸಿದರು, ವೆಲಿಕಾ ಅಜ್ಜಿ ಇನ್ನಷ್ಟು ಅಂದಳು, ಮತ್ತೆ ಅದ್ದಿದರು. ಬೀರುಗಳ ಒಳಗೂ ಬೀಳಲಿ ಅಂದಳು. ಪಾತ್ರೆಯನ್ನೇ ಎತ್ತಿ ಸುರಿದರು.

ಗೆಂಚೊ ಏನೋ ಹೇಳಲು ಬಾಯಿ ತೆರೆದ. ಮಂತ್ರದ ನಡುವೆ ಮಾತಾಡಬಾರದೆಂದು ನೆಡಾ ಅವನ ಕಾಲು ತುಳಿದಳು.

ಅವನು ಹೇಳಬೇಕೆಂದಿದ್ದುದು ಅಂಟಿನ ವಿಷಯ. ಅದು ಚರ್ಮ ಕುದಿಸಿ ಮಾಡಿದ್ದು, ನೀರು ಕಂಡರೆ ಕರಗುವಂಥದ್ದು. ಮೊದಲು ಒಂದು ಕುರ್ಚಿ ಮಂಡಿಯೂರಿತು. ಆಮೇಲೆ ಬೀರುಗಳ ಬಾಗಿಲುಗಳು ಒಂದೊಂದಾಗಿ ಬಿದ್ದವು. 'ಆಮೆನ್' ಅನ್ನುವ ಹೊತ್ತಿಗೆ ಅಂಗಳದ ತುಂಬ ಹಲಗೆ ಚೂರುಗಳು, ಒದ್ದೆ ಸ್ಯಾಟಿನ್. ಮಕ್ಕಳು ಒಟ್ಟಿಗೆ ರಾಗ ತೆಗೆದವು.

"ದೋಷ ಏನೋ ಹೋಯ್ತು ಫಾದರ್," ಎಂದ ಗೆಂಚೊ. "ಜೊತೆಗೆ ಮಂಚಾನೂ ಹೋಯ್ತು."

ಮೆತೋದಿಯವರ ಕಿವಿ ಕೆಂಪಾಯಿತು. ಮರುದಿನದಿಂದ ಅವರು ಸಂಜೆ ಪ್ರಾರ್ಥನೆ ಮುಗಿಸಿ ನೇರ ಗೆಂಚೊನ ಬಡಗಿ ಕೆಲಸದ ಕೊಟ್ಟಿಗೆಗೆ ಬರತೊಡಗಿದರು, ನಿಲುವಂಗಿಯ ತೋಳು ಮಡಚಿಕೊಂಡು. ಗೆಂಚೊ ಅಂಟು ಕಾಯಿಸುವನು, ಪಾದ್ರಿ ಜೋಡಿಸುವರು. ಎರಡು ಸಲ ತಮ್ಮ ಗಡ್ಡವನ್ನೇ ಮೇಜಿಗೆ ಜೋಡಿಸಿಕೊಂಡರು. ಅದನ್ನು ಬಿಡಿಸಲು ಬಿಸಿನೀರು ಹೊತ್ತು ತಂದ ನೆಡಾ ನಗು ತಡೆಯಲಾರದೆ ಅರ್ಧ ನೀರನ್ನು ದಾರಿಯಲ್ಲೇ ಚೆಲ್ಲಿದಳು. ಪಾದ್ರಿಯೇ ಹೋಗಿ ಕೂರುವ ಕೊಟ್ಟಿಗೆಗೆ ಹೆದರುವುದೇನು ಎಂದು ಜನವೂ ಒಬ್ಬೊಬ್ಬರಾಗಿ ಬಂದು ಇಣುಕಿದರು. ಕೆಲವರು ಕೂತರು, ಹಣ್ಣಿನ ಸಾರಾಯಿ ರಾಕಿಯಾ ಕುಡಿದರು. ಹೇಗಿದ್ದೀರಿ ಎಂದು ಗೆಂಚೊ ಕೇಳಿದಾಗ ಒಬ್ಬಾತ ಮಂಡಿನೋವೆಂದು ನಿಜವನ್ನೇ ಹೇಳಿಬಿಟ್ಟ. ಗೆಂಚೊಗೆ ಎಷ್ಟು ಸಂತೋಷವಾಯಿತೆಂದರೆ ಇಡೀ ಸಂಜೆ ಆ ಮಂಡಿಯ ಕತೆಯನ್ನೇ ಕೇಳಿದ.

ಸಾಮಾನೆಲ್ಲ ಮಕ್ಕಳಿಗೆ ಮರಳಿತು. ಪಾದ್ರಿ ತಾವೇ ಮೊದಲಿನಿಂದ ಕೊನೆಯವರೆಗೆ ಮಾಡಿದ ಒಂದು ಕುರ್ಚಿಯೂ ಅದರಲ್ಲಿತ್ತು. ಆ ಕಡೆಯ ಪಾದ್ರಿಗಳಿಗೆ ಮದುವೆಯುಂಟು; ಅವರ ಹೆಂಡತಿ ಅದನ್ನು ಇಲಿಬೋನೆಂದು ತಿಳಿದು ಗಿಣ್ಣಿನ ಚೂರು ಇಟ್ಟಿದ್ದಳಂತೆ. ಕೂತ ಗೊಂಬೆಯನ್ನು ಮುಂದಕ್ಕೆ ಜಾರಿಸಿ ಕೆಡವುವ ಕುರ್ಚಿ ಅದು. ಅದನ್ನು ಬಿಲ್ಯಾನಾಳೇ ಹಟ ಹಿಡಿದು ಇಸಿದುಕೊಂಡಳು. ಅಂಥದ್ದು ಯಾಕೇ ನಿಂಗೆ ಎಂದು ಅಜ್ಜಿ ಕೇಳಿದಳು.

"ನೆಂಟರು ಬರ್ತಾರಲ್ಲಜ್ಜಿ," ಎಂದಳು ಬಿಲ್ಯಾನಾ. "ಎದ್ದು ಹೋಗದೇ ಇರೋವ್ರಿಗೆ ಇದು."

ವೆಲಿಕಾ ಅಜ್ಜಿ ಆ ಕುರ್ಚಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಶಾಲು ಹೊದ್ದು ಗೆಂಚೊನ ಕೊಟ್ಟಿಗೆಗೆ ಹೋಗಿ, ಅಂಥದ್ದೇ ಒಂದು, ಮನುಷ್ಯರ ಅಳತೆಯದು, ತನ್ನ ಬೀಗಿತ್ತಿ ಬರುವುದರೊಳಗೆ ಬೇಕೆಂದು ಪಾದ್ರಿಯವರಿಗೆ ಹೇಳಿ ಬಂದಳು.