ಹರಿಯದ ಪುಸ್ತಕಗಳು

ಹದಿನಾಲ್ಕು ವರ್ಷ ಆ ಗ್ರಂಥಾಲಯದ ಬೀಗದ ಕೈ ನನ್ನ ಹತ್ತಿರವೇ ಇತ್ತು. ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆಯ ಮೇಲಿನ ಒಂದು ಊರು, ಪಂಚಾಯಿತಿ ಕಟ್ಟಡದ ಪಕ್ಕ ಒಂದೇ ಕೋಣೆ, ಅದಕ್ಕೆ ನಾನು ಮೇಲ್ವಿಚಾರಕಿ. ನಿಮ್ಮಲ್ಲಿ ಒಂದು ಪುಸ್ತಕವೂ ಹರಿದಿಲ್ಲ, ಒಂದೂ ಕಳೆದಿಲ್ಲ ಎಂದು ತಪಾಸಣೆಗೆ ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ. ಈಗ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ಯಾರೂ ಮುಟ್ಟದ ಪುಸ್ತಕ ಹರಿಯುವುದಾದರೂ ಹೇಗೆ?

ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಊರಿನ ಹಿರಿಯರು ಬಂದು ಪೇಪರಿನ ಹಾಳೆಗಳನ್ನು ಹಂಚಿಕೊಂಡು ಕೂರುತ್ತಿದ್ದರು. ಸಂಜೆ ಐದಕ್ಕೆ ಮುಚ್ಚುತ್ತಿದ್ದೆ. ಹೈಸ್ಕೂಲು ಬಿಡುವುದು ನಾಲ್ಕೂವರೆಗೆ. ಓದುವ ವಯಸ್ಸಿನ ಮಕ್ಕಳಿಗೆ ಉಳಿಯುತ್ತಿದ್ದದ್ದು ಅರ್ಧ ಗಂಟೆ. ಅದರಲ್ಲೂ ಕಾಲು ಗಂಟೆ ಮೊದಲೇ ನಾನು ಕುರ್ಚಿ ಎತ್ತಿಟ್ಟು ಕಸ ಗುಡಿಸಲು ಶುರು ಮಾಡುತ್ತಿದ್ದೆ. ಇಷ್ಟಾದ ಮೇಲೂ, ಈಗಿನ ಹುಡುಗರಿಗೆ ಮೊಬೈಲು ಬಿಟ್ಟರೆ ಪ್ರಪಂಚವೇ ಇಲ್ಲ ಎಂದು ಕಂಡವರ ಮುಂದೆಲ್ಲ ಭಾಷಣ ಬಿಗಿಯುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಒಂದು ಸಲ ಮೇಲಿನಿಂದ ಮೆಸೇಜು ಬಂತು. ಹದಿಹರೆಯದ ಮಕ್ಕಳು ಗ್ರಂಥಾಲಯಕ್ಕೆ ಬರುತ್ತಿರುವುದು ಕಾಣಬೇಕು, ಫೋಟೋ ಕಳಿಸಿ ಎಂದು. ಬರಬೇಕು ಎಂದಲ್ಲ, ಕಾಣಬೇಕು ಎಂದು. ಹೈಸ್ಕೂಲಿನಿಂದ ಇಪ್ಪತ್ತು ಮಕ್ಕಳನ್ನು ಯೂನಿಫಾರ್ಮಿನಲ್ಲೇ ಕರೆಸಿದರು. ನಾನು ಗಾಜಿನ ಬೀರು ತೆಗೆದು, ನುಸಿಗುಳಿಗೆ ವಾಸನೆ ಹೊಡೆಯುತ್ತಿದ್ದ ಪುಸ್ತಕಗಳನ್ನು ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟೆ. "ಪೂರ್ತಿ ಬಿಡಿಸ್ಬೇಡಿ ಕಣ್ರೋ, ಕಿತ್ಕಂಡೋದಾವು" ಅಂದೆ. ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿ, ಎಲ್ಲರೂ ನನ್ನ ಮೊಬೈಲು ನೋಡಿ ಎಂದರು. ಎಲ್ಲರೂ ನೋಡಿದರು. ಮುಂದಿನ ಸಾಲಿನ ಒಬ್ಬಳು, ಒಂಬತ್ತನೇ ಕ್ಲಾಸಿನವಳು, ನೋಡಲಿಲ್ಲ. ಅವಳು ಓದುತ್ತಿದ್ದಳು. ಎರಡು ಸಲ ಕೂಗಿದರೂ ತಲೆ ಎತ್ತಲಿಲ್ಲ.

ಫೋಟೋ ಮುಗಿದ ಮೇಲೆ ಪುಸ್ತಕ ವಾಪಸು ಇಸಿದುಕೊಳ್ಳುತ್ತ ಬಂದೆ. ಅವಳು ಬಿಡಲಿಲ್ಲ. ನಾನು ಎಳೆದೆ.

"ಇನ್ನೊಂದೇ ಪೇಜು ಮೇಡಂ."

"ಸಾಕು ಬುಡವ್ವ" ಎಂದು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮಾರನೇ ದಿನ ಐದು ಗಂಟೆಗೆ ಬಾಗಿಲು ಮುಚ್ಚುತ್ತಿದ್ದಾಗ ಅದೇ ಹುಡುಗಿ ಏದುಸಿರು ಬಿಡುತ್ತ ಬಂದಳು. ಅವಳ ಊರು ಎರಡು ಸ್ಟಾಪು ಮುಂದೆ, ಬಸ್ಸಿಗೆ ಇನ್ನು ಕಾಲು ಗಂಟೆ ಇತ್ತು.

"ಆ ಹುಡ್ಗಿ ಬಾವಿಯಿಂದ ಮ್ಯಾಕ್ ಬಂದ್ಲಾ ಮೇಡಂ?"

"ಯಾವ ಹುಡ್ಗಿ ಮಗ?"

"ನೆನ್ನೆ ಪುಸ್ತಕದಲ್ಲಿ. ಕೊಡ ತೆಗಿಯಕ್ಕೆ ಬಾವಿಗಿಳ್ದಿದ್ಲು, ಅಗ್ಗ ತುಂಡಾಗೋಯ್ತು. ಅಷ್ಟೊತ್ಗೆ ನೀವು ಇಸ್ಕಂಡ್ಬುಟ್ರಿ."

ನನಗೆ ಗೊತ್ತಿರಲಿಲ್ಲ. ಆ ಪುಸ್ತಕ ನನ್ನ ಬೀರುವಿನಲ್ಲಿ ಎಷ್ಟೋ ವರ್ಷದಿಂದ ಇತ್ತು, ಅದರ ಧೂಳು ಒರೆಸಿದ್ದೆ, ನಂಬರು ಹಾಕಿದ್ದೆ, ಓದಿರಲಿಲ್ಲ.

"ನೀವೂ ಓದಿಲ್ವಾ?" ಎಂದಳು. ಕೊಂಕು ಮಾತಲ್ಲ, ಬರೀ ಆಶ್ಚರ್ಯ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು, ಬಂದ ಸಿಟ್ಟನ್ನು ಅವಳ ಮೇಲೇ ತೀರಿಸಿದೆ. ಪುಸ್ತಕ ಬೇಕಾದರೆ ಫಾರಂ ತುಂಬಬೇಕು, ಅಪ್ಪನ ರುಜು ಬೇಕು, ಹೆಡ್ಮಾಸ್ಟರ ಸೀಲು ಬೇಕು ಎಂದು ಗದರಿಸಿ ಕಳಿಸಿದೆ.

ಎರಡೇ ದಿನದಲ್ಲಿ ಅಪ್ಪನ ರುಜು ಹಾಕಿಸಿಕೊಂಡು ಬಂದಳು. ಸೀಲು ಇರಲಿಲ್ಲ.

"ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ಕತೆ ಪುಸ್ತಕ ಅಂದ್ರು ಹೆಡ್ಮಾಸ್ಟ್ರು ಮೇಡಂ. ಅಲ್ಲೀಗಂಟ ಅವ್ಳು ಬಾವೀಲೇ ಇರ್ಬೇಕಾ?"

ಆಗಲಾದರೂ ಕೊಡಬಹುದಿತ್ತು. ಕೊಡಲಿಲ್ಲ. ಪುಸ್ತಕ ಕಳೆದರೆ ನನ್ನ ತಲೆಗೆ ಬರುತ್ತದೆ ಎಂಬ ಭಯ. ಮಕ್ಕಳು ಓದಲಿ ಎಂದು ಪುಸ್ತಕ ತಂದು, ಮಕ್ಕಳ ಕೈಗೆ ಸಿಗದಂತೆ ಅದನ್ನು ಕಾಯಲು ನನಗೆ ಸಂಬಳ. ಈ ಮಾತು ನನಗೆ ಹೊಳೆಯಲು ಹದಿನಾಲ್ಕು ವರ್ಷ ಬೇಕಾಯಿತು. ಮಾರನೇ ದಿನ ಮಧ್ಯಾಹ್ನ ಆ ಪುಸ್ತಕ ತೆಗೆದು ಕೂತೆ. "ಇದೇನವ್ವ, ನೀನೂ ಓದಕ್ ಸುರು ಮಾಡ್ಬುಟ್ಟೆ" ಎಂದು ಪೇಪರು ಹಿಡಿದಿದ್ದ ಅಜ್ಜ ನಕ್ಕ. ಒಂದು ಗಂಟೆಯೊಳಗೆ ಮುಗಿಯಿತು. ಆ ಹುಡುಗಿ ಮಾತ್ರ ಆಮೇಲೆ ನನ್ನ ಬಾಗಿಲಿಗೆ ಬರಲಿಲ್ಲ.

ಎರಡು ತಿಂಗಳಿಗೆ ಮತ್ತೆ ಫೋಟೋ. ಅದೇ ಅಧಿಕಾರಿ, ಅದೇ ಮಕ್ಕಳು. ನಾನು ಪುಸ್ತಕ ಹಂಚುತ್ತ ಬಂದೆ. ಮುಂದಿನ ಸಾಲಿನಲ್ಲಿ ಅವಳೂ ಅವಳ ಪಕ್ಕದ ಐದು ಜನವೂ ಕೈಕಟ್ಟಿ ಕೂತಿದ್ದರು.

"ಫೋಟೋ ಆದ್ಮೇಲೆ ಕಿತ್ಕಳದಾದ್ರೆ ನಾವು ಇಡ್ಕಳಕಿಲ್ಲ ಸಾರ್" ಎಂದಳು. "ಮನೇಗ್ ಕೊಡ್ತೀವಿ ಅನ್ನಿ, ಇಡ್ಕತೀವಿ."

ಅಧಿಕಾರಿ ನನ್ನ ಕಡೆ ತಿರುಗಿದರು. "ಏನಮ್ಮ ಇದು? ಇದನ್ನೇನಾ ನೀವು ಮಕ್ಕಳಿಗೆ ಹೇಳ್ಕೊಟ್ಟಿರೋದು?"

"ನಾನು ಏನೂ ಹೇಳ್ಕೊಟ್ಟಿಲ್ಲ ಸಾರ್. ಅದೇ ತಪ್ಪಾಗಿರೋದು."

ಬಾವಿಯ ಪುಸ್ತಕ ತೆಗೆದು ಅವಳ ಕೈಗಿಟ್ಟೆ. ರಿಜಿಸ್ಟರಿನಲ್ಲಿ ಅವಳ ಹೆಸರು ಬರೆದೆ, ಸೀಲಿನ ಜಾಗ ಖಾಲಿ ಬಿಟ್ಟೆ. ಉಳಿದ ಐದು ಜನಕ್ಕೂ ಬೇಕಾದ್ದನ್ನು ಆರಿಸಿಕೊಳ್ಳಲು ಹೇಳಿದೆ. ಅವತ್ತು ಫೋಟೋ ಆಗಲಿಲ್ಲ. ವಾರದಲ್ಲಿ ಕಾರಣ ಕೇಳಿ ನನಗೆ ನೋಟಿಸು ಬಂತು. ಮಕ್ಕಳು ಪುಸ್ತಕ ಕೇಳಿದರು, ಕೊಟ್ಟೆ ಎಂದು ಒಂದೇ ಸಾಲು ಬರೆದು ಕಳಿಸಿದೆ. ಅವತ್ತಿನಿಂದ ಬಾಗಿಲು ಮುಚ್ಚುವುದು ಆರೂವರೆಗೆ.

ಅವಳು ಮೂರನೇ ದಿನ ಬಂದು ಬಾಗಿಲಲ್ಲೇ ನಿಂತಳು. "ಮ್ಯಾಕ್ ಬಂದ್ಲು ಮೇಡಂ. ಯಾರೂ ಎತ್ಲಿಲ್ಲ, ಕಲ್ಲು ಇಡ್ಕಂಡು ತಾನೇ ಹತ್ಕಂಡ್ ಬಂದ್ಲು."

"ಗೊತ್ತು ಮಗ. ನಾನೂ ಓದ್ದೆ" ಎಂದೆ. ಎರಡು ತಿಂಗಳ ಹಿಂದೆಯೇ ತೆರೆಯಬೇಕಿದ್ದ ಬೀರುವಿನ ಬಾಗಿಲನ್ನು ಅವಳ ಮುಂದೆ ಪೂರ್ತಿ ತೆರೆದಿಟ್ಟೆ.

ಮುಂದಿನ ವರ್ಷದ ತಪಾಸಣೆಗೆ ಬೇರೊಬ್ಬ ಅಧಿಕಾರಿ ಬಂದರು. ಬೀರುವಿಗೆ ಕೈ ಹಾಕಿದರೆ ಸಿಕ್ಕಿದ್ದು ಅದೇ ಪುಸ್ತಕ. ಬೆನ್ನಿಗೆ ಟೇಪು, ರಟ್ಟಿನ ಮೇಲೆ ಸಾರಿನ ಕಲೆ, ಮೂಲೆ ಮಡಚಿದ ಹಾಳೆಗಳು. ಕಿಟಕಿಯ ಹತ್ತಿರ ಆ ಹುಡುಗಿ ಇನ್ನಾವುದೋ ಪುಸ್ತಕ ಬಿಡಿಸಿಕೊಂಡು ಕೂತಿದ್ದವಳು ಗಾಬರಿಯಿಂದ ತಲೆ ಎತ್ತಿದಳು.

"ಯಾರಮ್ಮ ಇದನ್ನ ಈ ಥರ ಹಾಳು ಮಾಡಿದ್ದು?"

"ಯಾರೂ ಹಾಳು ಮಾಡಿಲ್ಲ ಸಾರ್" ಎಂದೆ. "ಓದವ್ರೆ."